ಹಾಡು ಪೆಟ್ಟಿಗೆಗೆ ಯಾವ ದಾರಿಯಲ್ಲಿ ಬರಬೇಕು

ಆರ್ದ್ರೆ ಮಳೆ ಹಿಡಿದ ಮೇಲೆ ಸಾಗರದ ನನ್ನ ರಿಪೇರಿ ಅಂಗಡಿಗೆ ಬರುವ ಆಂಪ್ಲಿಫೈಯರ್‌ಗಳಲ್ಲಿ ಅರ್ಧಕ್ಕರ್ಧ ಕೆಟ್ಟಿರುವುದೇ ಇಲ್ಲ. ದನಿ ಮಂಕಾಗಿದೆ, ಗುಂಯ್ ಅನ್ನುತ್ತೆ, ಒಂದು ಬಾಕ್ಸ್ ಮಾತಾಡ್ತಿಲ್ಲ ಅಂತ ಹಳೇ ಬೆಡ್‌ಶೀಟಲ್ಲಿ ಸುತ್ತಿಕೊಂಡು ತರುತ್ತಾರೆ. ಮೇಜಿನ ಮೇಲಿಟ್ಟು ನನ್ನ ವೈರು ಸಿಕ್ಕಿಸಿದರೆ ಚೆನ್ನಾಗಿಯೇ ಹಾಡುತ್ತದೆ. ತೊಂದರೆ ಇರುವುದು ಹಾಡು ಆ ಪೆಟ್ಟಿಗೆಗೆ ಬಂದು ಸೇರುವ ದಾರಿಯಲ್ಲಿ. ಟೇಪ್ ರೆಕಾರ್ಡರ್ ಕಾಲದಿಂದ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ಈಗ ಹಳ್ಳಿಮನೆಗೂ ಹಾಡು ಇಂಟರ್‌ನೆಟ್ಟಿನಲ್ಲೇ ಬರುತ್ತದೆ. ಹೊಸ ಪೆಟ್ಟಿಗೆಗೆ ದುಡ್ಡು ಹಾಕುವ ಮೊದಲು ಏನೇನು ನೋಡಿಕೊಳ್ಳಬೇಕು ಅನ್ನುವುದನ್ನು ಬರೆದಿಡುತ್ತೇನೆ.

ಹೆಚ್ಚಿನವರು ಬಳಸುವುದು ಬ್ಲೂಟೂತ್. ಅಲ್ಲಿ ಆಗುವುದು ಇಷ್ಟು. ಆ್ಯಪಿನಿಂದ ಬರುವ ಹಾಡು ಸಾಮಾನ್ಯವಾಗಿ ಮೊದಲೇ ಹಿಂಡಿದ್ದು. ಫೋನು ಅದನ್ನು ಬಿಚ್ಚಿ, ಬ್ಲೂಟೂತಿಗೆ ಹೊಂದುವಂತೆ ಇನ್ನೊಂದು ಸಲ ಹಿಂಡಿ ಕಳಿಸುತ್ತದೆ. ಕಾಯಿಹಾಲು ತೆಗೆದವರಿಗೆ ಗೊತ್ತು, ಎರಡನೇ ಹಾಲು ತೆಳು. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಸಂಗೀತಕ್ಕೆ 1,411 ಕಿಲೋಬಿಟ್ ಜಾಗವಿದೆ. ಬ್ಲೂಟೂತ್ ಸ್ಪೀಕರ್‌ಗಳಲ್ಲೆಲ್ಲ ಇರುವ ಎಸ್‌ಬಿಸಿ ಎಂಬ ಕೋಡೆಕ್, ಅಂದರೆ ಹಾಡನ್ನು ಹಿಂಡಿ ಬಿಚ್ಚುವ ವಿಧಾನ, ಮಾಮೂಲಿಯಾಗಿ 328 ಕಿಲೋಬಿಟ್ಟಿಗೆ ನಿಲ್ಲುತ್ತದೆ. ಶಿವಮೊಗ್ಗ ಸುಬ್ಬಣ್ಣನವರ ತುಂಬು ಕಂಠಕ್ಕೆ ಇದರಿಂದ ಅಷ್ಟೇನೂ ಊನವಾಗುವುದಿಲ್ಲ. ವ್ಯತ್ಯಾಸ ಬೇಕಾದರೆ ಒಳ್ಳೆಯ ಯಕ್ಷಗಾನದ ರೆಕಾರ್ಡಿಂಗ್ ಹಾಕಿ, ಭಾಗವತರ ತಾಳವನ್ನೇ ಹಿಡಿದು ಕೇಳಿ. ತಾಳ ತಟ್ಟಿದ ಮೇಲೆ ಕಂಚಿನ ಗುಂಗು ನಿಧಾನಕ್ಕೆ ಕರಗಬೇಕು. ಎರಡು ಸಲ ಹಿಂಡಿದಾಗ ಆ ಗುಂಗು ಉಸ್ಸೆಂದು ಒರೆಸಿದ ಹಾಗೆ ಆಗುತ್ತದೆ, ಚಂಡೆಯ ಪೆಟ್ಟಿನ ಮೊನೆ ಮೊಂಡಾಗುತ್ತದೆ.

ಬ್ಲೂಟೂತೇ ಬೇಕು ಅನ್ನುವವರು ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯಾವ ಕೋಡೆಕ್ ನಡೆಯುತ್ತಿದೆ ನೋಡಿಕೊಳ್ಳಿ. ಎಲ್‌ಡ್ಯಾಕ್ ಎಂಬ ಕೋಡೆಕ್ ಇದ್ದರೆ 990 ಕಿಲೋಬಿಟ್ ತನಕ ಹೋಗುತ್ತದೆ. ಆದರೆ ಅದು ಫೋನಲ್ಲೂ ಇರಬೇಕು, ಎದುರಿನ ಪೆಟ್ಟಿಗೆಯಲ್ಲೂ ಇರಬೇಕು. ಸಿಗ್ನಲ್ ಸೊರಗಿದರೆ ಅದು ತಾನಾಗಿ 330ಕ್ಕೆ ಇಳಿಯುವುದೂ ಉಂಟು. ಹಾಗಾಗಿ ಫೋನನ್ನು ಅಡುಗೆಮನೆಯಲ್ಲಿಟ್ಟು ಜಗಲಿಯ ಸ್ಪೀಕರ್ ಕೇಳುವ ಅಭ್ಯಾಸ ಬಿಡಿ.

ನನ್ನನ್ನು ಕೇಳಿದರೆ ವೈಫೈ ಮೇಲು. ವೈಫೈ ಸ್ಟ್ರೀಮರ್ ಎಂಬ ಪೆಟ್ಟಿಗೆಯನ್ನು ಆಂಪ್ಲಿಫೈಯರಿಗೆ ಜೋಡಿಸಿದ್ದರೆ ಅದು ಹಾಡನ್ನು ರೂಟರಿನಿಂದ ನೇರವಾಗಿ ತರಿಸಿಕೊಳ್ಳುತ್ತದೆ, ಫೋನು ಬರೀ ರಿಮೋಟ್ ಆಗುತ್ತದೆ. ನಡುವೆ ಎರಡನೇ ಹಿಂಡುವಿಕೆ ಇಲ್ಲ. ಫೋನ್ ಬಂತು ಅಂತ ಹಾಡು ನಿಲ್ಲುವುದೂ ಇಲ್ಲ. ನಮ್ಮ ಕಡೆಯ ತೊಡಕು ಗೋಡೆ. ಹಂಚಿನ ಮನೆಯ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯೋ ಜಂಬಿಟ್ಟಿಗೆ ಗೋಡೆಯೋ 5 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಬಹುಪಾಲು ನುಂಗಿಬಿಡುತ್ತದೆ. ಅಂಥ ಮನೆಯಲ್ಲಿ ಸ್ಟ್ರೀಮರನ್ನು 2.4 ಗಿಗಾಹರ್ಟ್ಸಿಗೆ ಸೇರಿಸಿ. ಸಂಗೀತಕ್ಕೆ ಅದರ ವೇಗ ಧಾರಾಳವಾಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ರೂಟರಿನಿಂದ ಸ್ಟ್ರೀಮರಿಗೆ ದುಬಾರಿ ಲ್ಯಾನ್ ಕೇಬಲ್ ಹಾಕಿದರೆ ಬೇಸ್ ಇಂಪಾಗುತ್ತದೆ ಎಂದು ಯಾರು ಹೇಳಿದರೂ ನಂಬಬೇಡಿ. ಆ ಕೇಬಲಲ್ಲಿ ಬರುವುದು ಅಂಕಿಗಳು. ಒಂದು ಕಂತೆ ದಾರಿಯಲ್ಲಿ ತಪ್ಪಿಹೋದರೆ ಸ್ಟ್ರೀಮರ್ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಬಂದರೆ ಪೂರ್ತಿ ಬರುತ್ತದೆ, ಬಾರದಿದ್ದರೆ ಹಾಡು ನಿಲ್ಲುತ್ತದೆ. ನೆಟ್ಟು ದನಿಯನ್ನು ಕೆಡಿಸುವುದು ಬೇರೆ ದಾರಿಯಲ್ಲಿ: ವೇಗ ಇಳಿದಾಗ ಆ್ಯಪು ನಿಮ್ಮನ್ನು ಕೇಳದೆ ಗುಣಮಟ್ಟ ಇಳಿಸುತ್ತದೆ. ಸಂಜೆ ಹೊತ್ತು ಹಾಡು ಮಂಕು, ಬೆಳಿಗ್ಗೆ ಸರಿ ಎಂದು ಒಬ್ಬರು ಮೂರು ಸಲ ಪೆಟ್ಟಿಗೆ ಹೊತ್ತು ತಂದಿದ್ದರು. ಸೆಟ್ಟಿಂಗಲ್ಲಿ 'ಆಟೊ' ತೆಗೆದು ಅತಿ ಹೆಚ್ಚಿನದಕ್ಕೆ ಇಟ್ಟುಕೊಟ್ಟೆ, ಮತ್ತೆ ಬರಲಿಲ್ಲ. 320 ಕಿಲೋಬಿಟ್ಟಿನ ಹಾಡು ಗಂಟೆಗೆ ಸುಮಾರು 144 ಎಂಬಿ ತಿನ್ನುತ್ತದೆ, ಮನೆಗೆ ಫೈಬರ್ ಇರುವವರಿಗೆ ಅದು ಲೆಕ್ಕಕ್ಕಿಲ್ಲ.

ಅಂಕಿಗಳು ಕರೆಂಟಿನ ಅಲೆಯಾಗುವ ಜಾಗದಿಂದ ಮುಂದಕ್ಕೆ ಮಾತ್ರ ಪ್ರತಿ ತಂತಿಯೂ ಕಿವಿಗೆ ಕೇಳುತ್ತದೆ. ಆ ಕೆಲಸ ಮಾಡುವುದು ಡ್ಯಾಕ್, ಫೋನಿನೊಳಗಿನದೋ ಬೇರೆ ಪೆಟ್ಟಿಗೆಯೋ. ಫೋನಿನ ಅಥವಾ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಕೊಡುವವರು ಫೋನಿನ ವಾಲ್ಯೂಮನ್ನು ಮುಕ್ಕಾಲಿನ ಮೇಲಿಟ್ಟು, ಕಡಿಮೆ ಹೆಚ್ಚು ಮಾಡುವುದನ್ನು ಆಂಪ್ಲಿಫೈಯರಲ್ಲೇ ಮಾಡಿ. ಫೋನಲ್ಲಿ ಇಳಿಸಿ ಇಲ್ಲಿ ಏರಿಸಿದರೆ ಹಾಡಿನ ಜೊತೆ ಗೊರಗೊರವೂ ಏರುತ್ತದೆ. ಸಿಕ್ಕಿಸುವುದು ಆಕ್ಸ್ ಅಥವಾ ಸಿ.ಡಿ. ಎಂದು ಬರೆದ ತೂತಿಗೆ. ಫೋನೊ ಎಂದು ಬರೆದದ್ದು ಗ್ರಾಮಫೋನ್ ಸೂಜಿಯ ಸಣ್ಣ ಸಿಗ್ನಲ್ಲನ್ನು ನೂರುಪಟ್ಟು ಹಿಗ್ಗಿಸುವಂಥದ್ದು, ಅದಕ್ಕೆ ಸಿಕ್ಕಿಸಿದರೆ ಹಾಡು ಒಡೆದು ಬರುತ್ತದೆ. ಟಿ.ವಿ.ಯಿಂದ ಆಪ್ಟಿಕಲ್ ಕೇಬಲಲ್ಲಿ ಡ್ಯಾಕಿಗೆ ಕೊಟ್ಟು ದನಿಯೇ ಬಾರದಿದ್ದರೆ ಟಿ.ವಿ.ಯ ಆಡಿಯೊ ಸೆಟ್ಟಿಂಗನ್ನು ಪಿಸಿಎಂ ಮಾಡಿ.

ಇನ್ನು ಕಿಲುಬು. ಮಳೆಗಾಲದಲ್ಲಿ ಆಂಪ್ಲಿಫೈಯರ್ ಹಿಂದಿನ ಕೆಂಪು ಬಿಳಿ ಪಿನ್ನುಗಳನ್ನು ಒಮ್ಮೆ ಕಿತ್ತು ಬೆಳಕಿಗೆ ಹಿಡಿಯಿರಿ. ಪಿನ್ನಿನ ಬುಡದ ಉಂಗುರದಲ್ಲಿ ಕಪ್ಪೋ ಹಸಿರೋ ಪುಡಿ ಕೂತಿರುತ್ತದೆ, ಉಗುರಲ್ಲಿ ಕೆರೆದರೆ ಉದುರುತ್ತದೆ. ಒಂದು ಬಾಕ್ಸ್ ಸುಮ್ಮನಾಗುವುದು, ವೈರು ಅಲ್ಲಾಡಿಸಿದರೆ ಕರಕರ ಅನ್ನುವುದು, ಎಷ್ಟೋ ಸಲ ಇದರಿಂದಲೇ. ಪ್ಲಗ್ಗು ಕಿತ್ತು ಕರೆಂಟು ಪೂರ್ತಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ, ತಿರುವುತ್ತ ಸಿಕ್ಕಿಸಿ. ಉಪ್ಪುಕಾಗದ ಹಾಕಿದರೆ ಚಿನ್ನದ ಲೇಪ ಹೋಗುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಹಿಡಿಯುತ್ತದೆ. ಸ್ಪೀಕರ್ ವೈರಿನ ತುದಿ ಕಪ್ಪಾಗಿದ್ದರೆ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಸುಲಿಯಿರಿ. ಹತ್ತು ಮೀಟರ್ ತನಕ ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಕು, ಅದಕ್ಕಿಂತ ದೂರಕ್ಕೆ 2.5 ಎಳೆಯಿರಿ. ಒಂದು ಬಾಕ್ಸಿಗೆ ಕೆಂಪು ಕಪ್ಪು ಅದಲುಬದಲಾದರೆ ಮದ್ದಲೆಯ ತುಂಬು ನಾದ ಹೋಗಿಬಿಡುತ್ತದೆ, ಹಾಡುಗಾರ ಎದುರು ಕೂರದೆ ಎಲ್ಲೋ ಚದುರಿದ ಹಾಗಿರುತ್ತಾನೆ.

ಗುಂಯ್ ಎನ್ನುವ ಸದ್ದಿಗೆ ರಿಪ್ಪನ್‌ಪೇಟೆ ಹತ್ತಿರದ ಒಂದು ಮನೆಯಲ್ಲಿ ಅರ್ಧ ದಿನ ಕೂತಿದ್ದೆ. ಆಂಪ್ಲಿಫೈಯರಿಗೆ ಲ್ಯಾಪ್‌ಟಾಪಿನಿಂದ ವೈರು ಹೋಗಿತ್ತು. ಚಾರ್ಜರ್ ಕಿತ್ತ ಕೂಡಲೇ ಸದ್ದು ನಿಂತಿತು. ಎರಡು ಸಾಕೆಟ್ಟಿನ ಅರ್ಥಿಂಗ್ ನಡುವೆ ಸುತ್ತು ಬಿದ್ದು, ಕರೆಂಟಿನ 50 ಹರ್ಟ್ಸ್ ಆಡಿಯೊ ತಂತಿಗೆ ನುಗ್ಗಿತ್ತು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೆ ಬಹಳ ಸಲ ಸರಿಹೋಗುತ್ತದೆ. ಅಲ್ಲಿ ಪೂರ್ತಿ ಹೋಗಲಿಲ್ಲ. ಲ್ಯಾಪ್‌ಟಾಪ್ ಬಿಡಿಸಿ, ಸ್ಟ್ರೀಮರ್ ಇಟ್ಟು, ಅದರಿಂದ ಡ್ಯಾಕಿಗೆ ಆಪ್ಟಿಕಲ್ ಕೇಬಲ್ ಎಳೆದೆ. ಅದರೊಳಗೆ ಹರಿಯುವುದು ಬೆಳಕು, ತಾಮ್ರದ ನಂಟೇ ಇಲ್ಲ, ಸದ್ದು ಬರಲು ದಾರಿಯೂ ಇಲ್ಲ. ಅರ್ಥ್ ಪಿನ್ ಮುರಿದು ಗುಂಯ್ ನಿಲ್ಲಿಸುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ಜೀವ ಕಾಯುವ ಪಿನ್ನು ಅದು. ಕರೆಂಟು ಹೋದಾಗ ಮಾತ್ರ ಝುರ್ ಎನ್ನುತ್ತಿದ್ದರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವಿನದೋ ನೋಡಿ. ಸೈನ್ ವೇವ್ ಇನ್ವರ್ಟರಿನಲ್ಲಿ ಆ ಕಾಟವಿಲ್ಲ.

ಸಿಡಿಲಿನ ಪಾಠ ನಾನು ಕಲಿತದ್ದು ನನ್ನ ಮನೆಯಲ್ಲೇ. ಮನೆಯಿಂದ ಅಡಿಕೆ ಚಪ್ಪರದ ಆಚೆಯ ಕೋಣೆಗೆ ನಲವತ್ತು ಮೀಟರ್ ಲ್ಯಾನ್ ಕೇಬಲ್ ಮೇಲಿಂದ ಮೇಲೆ ಎಳೆದಿದ್ದೆ. ಒಂದು ವರ್ಷ ಭರಣಿ ಮಳೆಯ ಮೊದಲ ಗುಡುಗಿಗೆ ಹತ್ತಿರದಲ್ಲೆಲ್ಲೋ ಸಿಡಿಲು ಬಿತ್ತು. ಎಲ್ಲದರ ಪವರ್ ಪ್ಲಗ್ಗು ಕಿತ್ತಿಟ್ಟಿದ್ದೆ, ಲ್ಯಾನ್ ಕೇಬಲ್ ಮರೆತಿದ್ದೆ. ರೂಟರು, ಸ್ಟ್ರೀಮರು ಎರಡೂ ಹೋದವು, ಅಪ್ಪ ತಂದಿಟ್ಟ ಆಂಪ್ಲಿಫೈಯರಿನ ಒಂದು ಚಾನೆಲ್ಲೂ ಸುಟ್ಟಿತು. ಆ ಚಾನೆಲ್ಲಿಗೆ ಬೇಕಾದ ಬಿಡಿಭಾಗ ಸಿಗಲು ಬಹಳ ಕಾಲ ಹಿಡಿಯಿತು. ಒಂದು ಮಾಡಿನಿಂದ ಇನ್ನೊಂದಕ್ಕೆ ಬಯಲಲ್ಲಿ ತಾಮ್ರದ ಕೇಬಲ್ ಎಳೆಯಬೇಡಿ. ವೈಫೈ ಕೊಡಿ, ಇಲ್ಲವೇ ಫೈಬರ್ ಹಾಕಿಸಿ. ಗುಡುಗಿನ ದಿನ ಪ್ಲಗ್ಗಿನ ಜೊತೆ ಲ್ಯಾನ್, ಡಿಶ್ ಕೇಬಲ್ಲುಗಳನ್ನೂ ಕಿತ್ತಿಡಿ.

ಇಷ್ಟಾದ ಮೇಲೆ ಹೋಲಿಸಿ ನೋಡಬೇಕು ಅನಿಸಿದರೆ ಮಳೆ ಹೊಳವಾದ ಗಳಿಗೆ ನೋಡಿಕೊಳ್ಳಿ, ಹಂಚಿನ ಮೇಲೆ ಹನಿ ಬೀಳುವಾಗ ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ. ಒಂದೇ ಯಕ್ಷಗಾನದ ಪದವನ್ನು ಬ್ಲೂಟೂತಲ್ಲಿ ಒಮ್ಮೆ, ವೈಫೈಯಲ್ಲಿ ಒಮ್ಮೆ ಹಾಕಿ. ಎರಡರ ವಾಲ್ಯೂಮೂ ಒಂದೇ ಮಟ್ಟಕ್ಕಿರಲಿ, ಸ್ವಲ್ಪ ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ. ಫೋನನ್ನು ಮನೆಯವರ ಕೈಗೆ ಕೊಟ್ಟು, ಯಾವುದು ಯಾವುದೆಂದು ಹೇಳದೆ ಬದಲಾಯಿಸಲು ಹೇಳಿ, ನೀವು ತಾಳದ ಗುಂಗನ್ನು ಕೇಳಿ.