ಶೇಂಗಾಕ್ಕೆ ಬೂಷ್ಟು ಹಿಡಿಯದಂತೆ: ಕೀಳುವ ದಿನದಿಂದ ಅಡುಗೆಮನೆ ಡಬ್ಬಿಯವರೆಗೆ

ಚಳ್ಳಕೆರೆ, ಪಾವಗಡ, ಶಿರಾ ಸೀಮೆಯಲ್ಲಿ ಶೇಂಗಾ ಕೀಳುವ ಹೊತ್ತಿಗೂ ಚಿತ್ತೆ, ಸ್ವಾತಿ ಮಳೆಗೂ ಹಳೆಯ ವೈರ. ಹೂವಾಡುವಾಗ ಕೈಕೊಟ್ಟ ಮಳೆ, ಗಿಡ ಕಿತ್ತು ಸಾಲು ಹಾಕಿದ ರಾತ್ರಿಯೇ ಸುರಿಯುತ್ತದೆ. ಕಾಯಿ ಕಪ್ಪಾಯಿತು, ರೇಟು ಬಿತ್ತು ಎಂಬ ಸಂಕಟ ಎಲ್ಲರಿಗೂ ಗೊತ್ತು. ಅದರ ಜೊತೆಗೇ ಬರುವ ಇನ್ನೊಂದು ಕೇಡು ಮಾತ್ರ ತಕ್ಕಡಿಗೂ ಸಿಗುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ.

ಆಸ್ಪರ್ಜಿಲಸ್ ಜಾತಿಯ ಹಳದಿ-ಹಸಿರು ಬೂಷ್ಟು ಕಾಳಿನ ಮೇಲೆ ಬೆಳೆಯುವಾಗ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಇದು ಪಿತ್ತಜನಕಾಂಗದ ಕ್ಯಾನ್ಸರಿಗೆ ಕಾರಣ ಎಂಬುದು ಖಚಿತವಾಗಿದೆ. 1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ, ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ 106 ಜನ ಸತ್ತರು. ಬೇರೆ ಧಾನ್ಯ ಕೊಳ್ಳಲಾಗದ ಬಡವರೇ ಅವರಲ್ಲಿ ಹೆಚ್ಚು. ಹುರಿದರೆ, ಬೇಯಿಸಿದರೆ ಬೂಷ್ಟು ಸಾಯುತ್ತದೆ. ಅದು ಬಿಟ್ಟ ವಿಷ ಮುಕ್ಕಾಲುಪಾಲು ಉಳಿದುಬಿಡಬಹುದು. ಹಾಗಾಗಿ ವಿಷ ಹುಟ್ಟದಂತೆ ನೋಡಿಕೊಳ್ಳುವುದೇ ದಾರಿ.

ಹೊಲದಲ್ಲಿ

ಕೊಯ್ಲಿಗೆ ಮುಂಚಿನ ಮೂರ್ನಾಲ್ಕು ವಾರ ನಿರ್ಣಾಯಕ. ಆಗ ಭೂಮಿ ಒಣಗಿ ಕಾದರೆ ಕಾಯಿ ಸೊರಗುತ್ತದೆ, ಬೂಷ್ಟು ಮಣ್ಣಿನೊಳಗೇ ಒಳಹೊಗುತ್ತದೆ. ಬೋರ್‌ವೆಲ್‌ನಲ್ಲಿ ಸ್ವಲ್ಪವಾದರೂ ನೀರಿದ್ದರೆ ಈ ಹೊತ್ತಿಗೆಂದು ಉಳಿಸಿಕೊಂಡು ಒಂದು ಸಲ ಹಾಯಿಸಿ. ಹೂವಾಡುವಾಗ ಜಿಪ್ಸಂ ಕೊಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಗೆದ್ದಲು ಕೆರೆದ ಕಾಯಿ, ಕಳೆ ತೆಗೆಯುವಾಗ ಕುಡ ತಾಗಿ ಸೀಳಿದ ಕಾಯಿ ಬೂಷ್ಟಿಗೆ ತೆರೆದ ಬಾಗಿಲು.

ಕೀಳುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ. ಹೊಲದ ನಾಲ್ಕು ಕಡೆ ಒಂದೊಂದು ಗಿಡ ಕಿತ್ತು ಕಾಯಿ ಒಡೆದು ನೋಡಿ. ಸಿಪ್ಪೆಯ ಒಳಮೈ ಕಂದು ತಿರುಗಿದ್ದರೆ ಬಲಿತಿದೆ, ಬೆಳ್ಳಗೇ ಇದ್ದರೆ ಎಳಸು. ನಾಲ್ಕರಲ್ಲಿ ಮೂರು ಕಾಯಿ ಬಲಿತಿದ್ದರೆ ಕೀಳಲು ಹದ. ಆಳು ಸಿಗಲಿಲ್ಲವೆಂದು ತಡಮಾಡಿದಷ್ಟೂ ಕೇಡು ಬೆಳೆಯುತ್ತದೆ.

ಒಣಗಿಸುವಾಗ

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಹಂತ ಇದೇ. ಆಗಷ್ಟೇ ಕಿತ್ತ ಕಾಯಲ್ಲಿ ಶೇಕಡಾ 40ರ ಆಸುಪಾಸು ನೀರಿರುತ್ತದೆ. ಅದು ಶೇಕಡಾ 8ಕ್ಕಿಂತ ಕೆಳಗೆ ಇಳಿಯಬೇಕು. ಇಳಿಯಲು ಎಷ್ಟು ದಿನ ಹಿಡಿಯುತ್ತದೋ ಅಷ್ಟು ದಿನವೂ ಬೂಷ್ಟಿಗೆ ಹಬ್ಬ.

ಕಿತ್ತ ಗಿಡವನ್ನು ಮಣ್ಣು ಕೊಡವಿ, ಬುಡ ಮೇಲಾಗಿ, ಕಾಯಿ ಬಿಸಿಲಿಗೆ ಮುಖ ಮಾಡುವಂತೆ ಸಾಲಾಗಿ ಹಾಕಿ. ಸೊಪ್ಪು ನೆಲಕ್ಕಿರಲಿ, ಕಾಯಿ ಮಣ್ಣು ಮುಟ್ಟದಿರಲಿ. ಹಸಿ ಗಿಡದ ಬಣವೆ ಒಟ್ಟುವ ರೂಢಿಯನ್ನು ದಯವಿಟ್ಟು ಬಿಡಿ. ಒಟ್ಟಿದ ಮಾರನೆಯ ಬೆಳಿಗ್ಗೆ ಬಣವೆಯೊಳಗೆ ತೋಳು ತೂರಿಸಿ ನೋಡಿ: ಒಳಗೆ ಬೆಚ್ಚಗೆ ಬೆವೆತಿರುತ್ತದೆ. ಆ ಕಾವಲ್ಲೇ ಬೂಷ್ಟು ಮರಿಮಾಡುವುದು.

ಕಾಯಿ ಬಿಡಿಸಿದ ಮೇಲೆ ಟಾರ್ಪಾಲಿನ ಮೇಲೆ ತೆಳ್ಳಗೆ ಹರವಿ, ದಿನಕ್ಕೆ ಮೂರ್ನಾಲ್ಕು ಸಲ ಕೈಯಾಡಿಸಿ. ಸಂಜೆ ಇಬ್ಬನಿ ಬೀಳುವ ಮೊದಲು ಒಟ್ಟುಮಾಡಿ ಮುಚ್ಚಿ, ಬಿಸಿಲೇರಿದ ಮೇಲೆ ಮತ್ತೆ ಹರವಿ. ಹದ ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಕಾಳು ಗಲಗಲ ಎನ್ನಬೇಕು, ಬೆರಳಲ್ಲಿ ಉಜ್ಜಿದರೆ ಕೆಂಪು ಸಿಪ್ಪೆ ಜಾರಬೇಕು, ಕಚ್ಚಿದರೆ ಪಟ್ಟನೆ ಮುರಿಯಬೇಕು. ಮಳೆಗೆ ನೆಂದ ಕಾಯನ್ನು ಒಣಗಿದ್ದರ ಜೊತೆ ಬೆರೆಸದೆ, ಕೊನೆಯವರೆಗೂ ಬೇರೆಯಾಗಿಯೇ ಇಡಿ.

ಸುಲಿಯುವಾಗ

ಬೀಜಕ್ಕೋ ಮನೆಗೋ ಸುಲಿಯುವ ಮುನ್ನ ಕಾಯಿಯ ರಾಶಿಗೆ ಕೊಡಗಟ್ಟಲೆ ನೀರು ಚಿಮುಕಿಸುವುದುಂಟು. ಸಿಪ್ಪೆ ಮೆತ್ತಗಾಗುತ್ತದೆ, ಯಂತ್ರಕ್ಕೆ ಹಾಕಿದಾಗ ಕಾಳು ಒಡೆಯುವುದಿಲ್ಲ, ತೂಕವೂ ಬರುತ್ತದೆ. ವಾರಗಟ್ಟಲೆ ಬಿಸಿಲಲ್ಲಿ ಬೆವರು ಸುರಿಸಿ ಹೊರಹಾಕಿದ ನೀರನ್ನು ಒಂದು ಗಳಿಗೆಯಲ್ಲಿ ಒಳಗೆ ಬಿಟ್ಟುಕೊಂಡಂತಾಯಿತು. ಇದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಯಂತ್ರದ ಜರಡಿಯನ್ನು ಕಾಯಿಯ ಗಾತ್ರಕ್ಕೆ ಸರಿಹೊಂದಿಸಿ. ಒಂದಿಷ್ಟು ಕಾಳು ಒಡೆದರೂ ಪರವಾಗಿಲ್ಲ, ನೀರು ಮಾತ್ರ ಬೇಡ.

ಆರಿಸುವುದು

ವಿಷ ರಾಶಿಯ ತುಂಬ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ಕೂಡಿಕೊಂಡಿರುತ್ತದೆ. ಮೊರ ಹಿಡಿದು ಕೂತ ಅಜ್ಜಿಯ ಬೆರಳಿಗೆ ಅಷ್ಟು ಬೆಲೆ ಇರುವುದು ಅದಕ್ಕೇ. ಸುಕ್ಕುಗಟ್ಟಿದ್ದು, ಬಣ್ಣಗೆಟ್ಟಿದ್ದು, ಮೊಳಕೆಯೊಡೆದದ್ದು, ಹುಳ ಕೊರೆದದ್ದು ಇವನ್ನು ತೆಗೆದರೆ ವಿಷದ ಬಹುಪಾಲು ತೆಗೆದಂತೆಯೇ. ಮುಂದೆ ಸಂಸ್ಕರಿಸುವ ಶೇಂಗಾಕ್ಕೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಈ ವಿಷದ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಅಂದರೆ ಒಂದು ಟನ್ ಸರಕಿನಲ್ಲಿ 15 ಮಿಲಿಗ್ರಾಂ. ನೇರವಾಗಿ ತಿನ್ನುವ ಶೇಂಗಾಕ್ಕೆ ಯುರೋಪಿನವರ ಮಿತಿ 4 ಮೈಕ್ರೋಗ್ರಾಂ. ಇಂಥ ಲೆಕ್ಕದಲ್ಲಿ ಒಂದೊಂದು ಕೆಟ್ಟ ಕಾಳೂ ಲೆಕ್ಕಕ್ಕೆ ಬರುತ್ತದೆ.

ಆರಿಸಿ ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ದುಂಡು ಕಾಳು ಮಂಡಿಗೆ, ಕರಿಕಾಳು ಮನೆಯ ಚಟ್ನಿಪುಡಿಗೆ. ಇಲ್ಲವೇ ಗಾಣಕ್ಕೆ ಹಾಕಿಸಿ ಎಣ್ಣೆ, ಉಳಿದ ಹಿಂಡಿ ಎಮ್ಮೆಗೆ. ಎಣ್ಣೆ ತೆಗೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ನಿಲ್ಲುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ. ಈ ವಿಷ ಲೋಕಕ್ಕೆ ಗೊತ್ತಾದದ್ದೇ ಹಾಗೆ. ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲೂ ಅದು ರೂಪ ಬದಲಿಸಿ ಇಳಿದು ಬರುತ್ತದೆ, ಆ ಹಾಲು ಮನೆಯ ಕೂಸಿನ ಬಟ್ಟಲಿಗೆ ಹೋಗುತ್ತದೆ. ಕರಿಕಾಳನ್ನು ದಯಮಾಡಿ ಯಾರ ಹೊಟ್ಟೆಗೂ ಹಾಕಬೇಡಿ. ಹೊಲದಿಂದ ದೂರ ಆಳದ ಗುಂಡಿ ತೋಡಿ ಹೂಳಿ.

ಮೂಟೆ ಮತ್ತು ಡಬ್ಬಿ

ಹೊಸ ಇಲ್ಲವೇ ಒಗೆದು ಒಣಗಿಸಿದ ಗೋಣಿಚೀಲದಲ್ಲಿ ತುಂಬಿ. ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಗೆ ಆನಿಸದೆ ಒಂದು ಮೊಳ ಬಿಟ್ಟು ಇಡಿ. ಗಾಳಿಯಾಡದ ಪದರದ ಚೀಲಗಳು ಹುಳಕ್ಕೆ ಒಳ್ಳೆಯ ತಡೆ. ಆದರೆ ಪೂರ್ತಿ ಒಣಗದ ಕಾಯಿಯನ್ನು ಅದರೊಳಗೆ ಕಟ್ಟಿಡಬೇಡಿ.

ಪೇಟೆಯಲ್ಲಿ ಕೊಳ್ಳುವವರು ತಿಂಗಳಿಗೆ ಸಾಕಾಗುವಷ್ಟೇ ತನ್ನಿ. ಅಗ್ಗಕ್ಕೆ ಸಿಗುವ ಒಡಕಲು ಕಾಳು, ಪುಡಿ ಮಾಡಿಟ್ಟ ಶೇಂಗಾ ಬೇಡ; ಪುಡಿಯಾದ ಮೇಲೆ ಕೆಟ್ಟ ಕಾಳನ್ನು ಗುರುತಿಸುವುದು ಹೇಗೆ? ತಟ್ಟೆಗೆ ಸುರಿದು ಆರಿಸಿದ ನಂತರವೇ ಬಾಣಲೆಗೆ ಹಾಕಿ. ತಿನ್ನುವಾಗ ಒಂದು ಕಾಳು ಕಹಿ ಹತ್ತಿದರೆ ಮುಜುಗರ ಪಡದೆ ಉಗಿದು, ಬಾಯಿ ಮುಕ್ಕಳಿಸಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ.