ಐದು ಸಿಸ್ಟಂ ಫೈರ್‌ಫಾಕ್ಸ್‌ಗೆ, ಒಂದು ವಿಂಡೋಸ್‌ನಲ್ಲೇ

"ಸೈಬರ್ ಸೆಂಟರ್‌ನಲ್ಲಿ ಫೈರ್‌ಫಾಕ್ಸಾ? ಅರ್ಜಿ ಸೀಸನ್ ಬರಲಿ, ನೋಡೋಣ" ಅಂತ ಪಕ್ಕದ ರಸ್ತೆಯ ಸೆಂಟರ್‌ನವರು ನಕ್ಕಿದ್ದರು. ಸೀಸನ್ ಬಂತು, ಹೋಯಿತು. ನನ್ನ ಆರು ಸಿಸ್ಟಂಗಳಲ್ಲಿ ಐದು ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕುವ ಉಚಿತ ಓಎಸ್), ಫೈರ್‌ಫಾಕ್ಸ್ ಬ್ರೌಸರ್‌ನಲ್ಲೇ ಓಡುತ್ತಿವೆ.

ಇದು ಶುರುವಾಗಿದ್ದು ದುಡ್ಡಿನಿಂದ. 2025ರ ಅಕ್ಟೋಬರ್‌ಗೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲುತ್ತದೆ ಅಂತಾಯಿತು. ನನ್ನ ಹಳೇ ಡಬ್ಬಗಳಿಗೆ 11 ಹತ್ತುವುದಿಲ್ಲ. ಹೊಸದು ತರೋಣ ಅಂದರೆ ಒಂದಕ್ಕೇ ಇಪ್ಪತ್ತೈದು ಸಾವಿರದ ಮೇಲೆ. ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿ ಮಿಂಟ್ ಇಳಿಸಿ ಐದಕ್ಕೂ ಸೇರಿ ಹದಿಮೂರು–ಹದಿನಾಲ್ಕು ಸಾವಿರದಲ್ಲಿ ಮುಗಿಸಿದೆ. ಅದೇ ಹೊತ್ತಿಗೆ ಕ್ರೋಮ್‌ನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಯೂಬ್ಲಾಕ್ ಒರಿಜಿನ್ ಕೂಡ ಕೆಲಸ ನಿಲ್ಲಿಸಿತು. ಎಕ್ಸ್‌ಟೆನ್ಷನ್ ನಿಯಮ ಬದಲಾಯಿತಲ್ಲ, ಅದಕ್ಕೆ. ಜಾಹೀರಾತಿನ ನಕಲಿ ಡೌನ್‌ಲೋಡ್ ಬಟನ್ ಒತ್ತಿ ಗಿರಾಕಿಗಳು ಏನೇನೋ ಇಳಿಸಿಕೊಳ್ಳುವುದು, ನಾನು ಸಂಜೆ ಕೂತು ಕ್ಲೀನ್ ಮಾಡುವುದು.

ಮೊದಲು ಎಡ್ಜ್, ಒಪೆರಾ, ಬ್ರೇವ್ ಮೂರನ್ನೂ ಹಾಕಿ ನೋಡಿದೆ. ಬ್ರೇವ್‌ನಲ್ಲಿ ಜಾಹೀರಾತು ನಿಂತವು, ಸುಳ್ಳು ಹೇಳಬಾರದು. ಆದರೆ ಒಂದು ದಿನ ಅಪ್‌ಡೇಟ್ ಆದ ಮೇಲೆ ಒಂದು ಸೈಟಿನ ಫೋಟೋ ಅಪ್‌ಲೋಡ್ ಕೈಕೊಟ್ಟಿತು. ಮೂರರಲ್ಲೂ ಕೈಕೊಟ್ಟಿತು. ಫೈರ್‌ಫಾಕ್ಸ್‌ನಲ್ಲಿ ಹತ್ತಿತು. ಒಪೆರಾ 2013ರಲ್ಲೇ ಪುಟ ತೋರಿಸುವ ಸ್ವಂತ ಎಂಜಿನ್ ಬಿಟ್ಟಿತು, ಎಡ್ಜ್ 2020ರಲ್ಲಿ. ಬೋರ್ಡ್ ಬೇರೆ ಬೇರೆ, ಒಳಗೆ ಎಲ್ಲರದ್ದೂ ಕ್ರೋಮ್‌ನದ್ದೇ ಎಂಜಿನ್, ಅದೇ ಬ್ಲಿಂಕ್. ಸುಮ್ನೆ ತಮ್ಮನ ಐಫೋನ್‌ಗೂ ಫೈರ್‌ಫಾಕ್ಸ್ ಹಾಕಿದೆ. ಸಫಾರಿಯಲ್ಲಿ ಏನು ಎಡವಟ್ಟೋ ಅಲ್ಲೂ ಅದೇ. ಅದರೊಳಗೆ ಇರುವುದು ಸಫಾರಿಯ ಎಂಜಿನ್ ವೆಬ್‌ಕಿಟ್ ಅಲ್ವಾ!

ಐದನ್ನೂ ಫೈರ್‌ಫಾಕ್ಸ್‌ಗೆ ಬದಲಿಸಿದ ಮೊದಲ ವಾರ ಪ್ರಿಂಟ್ ನನ್ನ ಮಾನ ಕಳೆಯಿತು. ಮೇಷ್ಟ್ರೊಬ್ಬರು ಮಗಳ ಅರ್ಜಿ ವಾಪಸ್ ತಂದರು. "ಏನಪ್ಪಾ ಇದು, ಫೋಟೋ ಅಂಟಿಸೋಕೇ ಜಾಗ ಸಾಲಲ್ಲವಲ್ಲ" ಅಂದರು. ಫೈರ್‌ಫಾಕ್ಸ್‌ನಲ್ಲಿ ಪುಟದ ಅಗಲಕ್ಕೆ ಹೊಂದಿಸುವ ಆಯ್ಕೆ ತಾನಾಗೇ ಆನ್ ಇರುತ್ತದೆ, ಎಲ್ಲ ಕುಗ್ಗಿ ಬರುತ್ತದೆ. ಸ್ಕೇಲ್ 100ಕ್ಕೆ ಇಟ್ಟರೆ ಸರಿ. ಅದು ಗೊತ್ತಾಗುವಷ್ಟರಲ್ಲಿ ಹೆಚ್ಚುಕಮ್ಮಿ ಒಂದು ಬಂಡಲ್ ಪೇಪರ್ ಹೋಗಿತ್ತು.

ಆಮೇಲೆ ನಿಮಗೆಲ್ಲ ಗೊತ್ತಿರುವ ರಗಳೆ: "ಕ್ರೋಮ್‌ನಲ್ಲೇ ತೆರೆಯಿರಿ". ಯೂಸರ್ ಏಜೆಂಟ್ (ಬ್ರೌಸರ್ ಸೈಟಿಗೆ ಹೇಳುವ ತನ್ನ ಹೆಸರು) ಬದಲಿಸಿ ಕ್ರೋಮ್ ಅಂತ ಸುಳ್ಳು ಹೇಳಿಸಿದೆ. ಹತ್ತರಲ್ಲಿ ಎಂಟು ಸೈಟ್ ಮರುಮಾತಿಲ್ಲದೆ ತೆರೆದವು. ಅಂದರೆ ತೊಂದರೆಯೇ ಇರಲಿಲ್ಲ, ಬಾಗಿಲಲ್ಲಿ ಹೆಸರು ಕೇಳುತ್ತಿದ್ದರು ಅಷ್ಟೇ. ಹಿಂದೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಲ್ಲದೆ ಎಷ್ಟೋ ಪೋರ್ಟಲ್ ಅಲ್ಲಾಡುತ್ತಿರಲಿಲ್ಲ. ಅದು 2022ರಲ್ಲಿ ನಿವೃತ್ತಿ ಆಯಿತು, ಚಾಳಿ ಮಾತ್ರ ಉಳಿಯಿತು.

ಒಂದು ತಿಂಗಳು ಖುಷಿಯಲ್ಲಿದ್ದೆ. ಆಮೇಲೆ ಹೊಳೆಯಿತು, ನಾನು ಸುಳ್ಳು ಹೇಳಿದಾಗೆಲ್ಲ ಆ ಸೈಟಿನ ಲೆಕ್ಕದಲ್ಲಿ ಕ್ರೋಮ್‌ಗೆ ಒಂದು ಸೇರುತ್ತಿದೆ. "ಫೈರ್‌ಫಾಕ್ಸ್ ಯಾರೂ ಬಳಸಲ್ಲ" ಅನ್ನುವವರಿಗೆ ನಾನೇ ಸಾಕ್ಷಿ ಕೊಟ್ಟ ಹಾಗಾಯಿತು! ಈಗ ರಶ್ ಇದ್ದಾಗ ಮಾತ್ರ ಸುಳ್ಳು. ಬಿಡುವಿದ್ದರೆ ಸೈಟ್ ಕೆಲಸ ಮಾಡುತ್ತಿಲ್ಲ ಅಂತ ಫೈರ್‌ಫಾಕ್ಸ್ ಮೆನುವಿನಲ್ಲೇ ಇರುವ ದೂರಿನ ಆಯ್ಕೆ ಒತ್ತುತ್ತೇನೆ. ಕ್ರಾಂತಿ ಮಾಡಿದೆ ಅಂತೇನಲ್ಲ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಗೂಗಲ್ ಸರ್ಚ್ ಒಪ್ಪಂದದ್ದೇ.

"ಅಣ್ಣಾ, ಗೂಗಲ್ ಎಲ್ಲಿ?" ಅನ್ನುವವರಿಗಾಗಿ ಐಕಾನ್ ಹೆಸರನ್ನು 'ಇಂಟರ್ನೆಟ್' ಅಂತ ಮಾಡಿದೆ, ಪ್ರಶ್ನೆ ನಿಂತಿತು. ಗಿರಾಕಿ ಎದ್ದ ತಕ್ಷಣ ಅವರ ಲಾಗಿನ್ ಅಳಿಸಿಹೋಗಿ ನಮ್ಮ ಲಾಗಿನ್ ಮಾತ್ರ ಉಳಿಯುವ ಹಾಗೆ ಫೈರ್‌ಫಾಕ್ಸ್‌ಗೆ ನಿಯಮ ಹಾಕುವ ಪಾಲಿಸಿ ಫೈಲ್‌ನಲ್ಲಿ ಒಂದು ಕಿತಾಪತಿ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಅಂಗಡಿಗೆ ಬನ್ನಿ, ಟೀ ಕುಡಿಸಿ, ತೋರಿಸುತ್ತೇನೆ.

ಆರನೆಯ ಸಿಸ್ಟಂ ವಿಂಡೋಸ್‌ನಲ್ಲೇ ಇದೆ, ಬೆರಳ ಗುರುತು ಓದುವ ಡಿವೈಸ್‌ಗಾಗಿ. ಮಿಂಟ್‌ನಲ್ಲಿ ಹತ್ತಿಸಲು ಮೂರು ಭಾನುವಾರ ಕಳೆದೆ. ಲೈಟ್ ಉರಿಯುತ್ತದೆ, ಬೆರಳು ಓದುವುದಿಲ್ಲ.