ಶಟ್‌ಡೌನ್ ಆದ ಪೈ ಮತ್ತೆ ಏಳಲಿಲ್ಲ: ಹಿಂಬಾಗಿಲಿನಿಂದ ಬರುತ್ತಿದ್ದ ಕರೆಂಟು

ರೀಬೂಟ್ ಕೊಟ್ಟರೆ ಏಳುತ್ತಿತ್ತು. ಶಟ್‌ಡೌನ್ ಕೊಟ್ಟು, ಅಡಾಪ್ಟರ್ ಕಿತ್ತು, ಮತ್ತೆ ಚುಚ್ಚಿದರೆ ಏಳುತ್ತಿರಲಿಲ್ಲ. ರಾಸ್ಪ್‌ಬೆರಿ ಪೈ 4 ಅನ್ನುವ ನನ್ನ ಪುಟ್ಟ ಕಂಪ್ಯೂಟರ್‌ನ ಕಾಯಿಲೆ ಇಷ್ಟೇ. ಆದರೆ ಈ ಎರಡು ಸಾಲಿನ ನಡುವಿನ ವ್ಯತ್ಯಾಸದಲ್ಲೇ ಉತ್ತರ ಇತ್ತು. ಅದಕ್ಕೇ ಮೊದಲು ಅದನ್ನೇ ಹೇಳಿದೆ.

ಈ ಪೈಗೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಆಪರೇಟಿಂಗ್ ಸಿಸ್ಟಂ ಎಸ್‌ಡಿ ಕಾರ್ಡ್‌ನಲ್ಲಿದೆ. ಫೋಟೋ, ಬ್ಯಾಕಪ್ ಎಲ್ಲ ಒಂದು ಎಸ್‌ಎಸ್‌ಡಿಯಲ್ಲಿ. ಆ ಎಸ್‌ಎಸ್‌ಡಿ ಮತ್ತು ಇನ್ನೊಂದು ಹಾರ್ಡ್‌ಡಿಸ್ಕ್ ಸ್ವಂತ ಅಡಾಪ್ಟರ್ ಇರುವ ಒಂದು ಯುಎಸ್‌ಬಿ ಹಬ್‌ಗೆ ಸಿಕ್ಕಿಸಿವೆ. ಹಬ್‌ನಿಂದ ಒಂದು ಕೇಬಲ್ ಪೈಗೆ ಬರುತ್ತದೆ. ಬೇಕಾದಾಗ ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗುತ್ತೇನೆ. ಹಾಗಾಗಿ "ಏಳಲಿಲ್ಲ" ಅಂದರೆ ನನ್ನ ಪಾಲಿಗೆ ಎಸ್‌ಎಸ್‌ಎಚ್ ಇಲ್ಲ, ನೆಟ್‌ವರ್ಕ್‌ನಲ್ಲಿ 'ಇದ್ದೀಯಾ' ಅಂತ ಕೇಳುವ ಪಿಂಗ್‌ಗೆ ಉತ್ತರವೂ ಇಲ್ಲ ಅಂತ ಅರ್ಥ. ಮಾನಿಟರ್ ಇರುವವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಪರದೆ ಕಪ್ಪಗಿದ್ದ ಮಾತ್ರಕ್ಕೆ ಪೈ ಸತ್ತಿದೆ ಅಂತಲ್ಲ. ಬೂಟ್ ಆಗುವ ಹೊತ್ತಿಗೆ ಮಾನಿಟರ್ ಆಫ್ ಇದ್ದರೆ ಪೈ ಚೆನ್ನಾಗಿ ನಡೆಯುತ್ತಿದ್ದರೂ ಚಿತ್ರ ಬರದೇ ಇರಬಹುದು. ಮೊದಲು ಪಿಂಗ್ ಮಾಡಿ ನೋಡಿ.

ಇಂಥ ತೊಂದರೆಗೆ ಎಲ್ಲರೂ ಮೊದಲು ಕೊಡುವ ಸಲಹೆ ಒಂದೇ: ಎಸ್‌ಡಿ ಕಾರ್ಡ್ ಹಾಳಾಗಿದೆ, ಹೊಸದಾಗಿ ಇಮೇಜ್ (ಆಪರೇಟಿಂಗ್ ಸಿಸ್ಟಂನ ಪೂರ್ತಿ ಪ್ರತಿ) ಬರೆಯಿರಿ. ನಾನು ಅದಕ್ಕೆ ಕೈ ಹಾಕಲಿಲ್ಲ. ಕಾರ್ಡ್ ಕೆಟ್ಟಿದ್ದರೆ ರೀಬೂಟ್ ಕೂಡ ಕೈ ಕೊಡಬೇಕು, ಅಲ್ವಾ? ರೀಬೂಟ್‌ನಲ್ಲೂ ಪೈಯನ್ನು ಎಬ್ಬಿಸುವ ಬೂಟ್‌ಲೋಡರ್ ಪ್ರೋಗ್ರಾಂ ಅದೇ ಕಾರ್ಡ್ ಓದಬೇಕು, ಆಪರೇಟಿಂಗ್ ಸಿಸ್ಟಂನ ತಿರುಳಾದ ಅದೇ ಕರ್ನಲ್ ಎತ್ತಿಕೊಳ್ಳಬೇಕು. ಅದು ಪ್ರತಿ ಸಲವೂ ಸರಿಯಾಗಿ ಆಗುತ್ತಿತ್ತು. ಅಂದರೆ ತಪ್ಪು ಇರುವುದು ಶಟ್‌ಡೌನ್‌ನಲ್ಲಿ ಮಾತ್ರ ಆಗುವ, ರೀಬೂಟ್‌ನಲ್ಲಿ ಆಗದ ಯಾವುದೋ ಒಂದರಲ್ಲಿ.

ಶಟ್‌ಡೌನ್ ನಿಜವಾಗಿ ಮುಗಿಯುತ್ತಿದೆಯೇ ಅನ್ನುವುದನ್ನು ಮೊದಲು ನೋಡಬೇಕಿತ್ತು. ಕೆಲವು ಸಲ ಪೈ ಏಳದೇ ಇರುವುದಲ್ಲ, ಮಲಗದೇ ಇರುವುದೇ ಸಮಸ್ಯೆ. ನೆಟ್‌ವರ್ಕ್‌ನಲ್ಲಿರುವ ಫೋಲ್ಡರ್ ಒಂದನ್ನು ಮೌಂಟ್ ಮಾಡಿದ್ದು, ಆ ಕಡೆಯ ಯಂತ್ರ ಮೊದಲೇ ಆಫ್ ಆಗಿದ್ದರೆ, ಸರ್ವಿಸ್‌ಗಳನ್ನು ಶುರುಮಾಡುವ, ನಿಲ್ಲಿಸುವ ಸಿಸ್ಟಂಡಿ ಅದಕ್ಕಾಗಿ ಕಾಯುತ್ತಾ ಕೂರುತ್ತದೆ. ಒಂದು ಸರ್ವಿಸ್ ನಿಲ್ಲಲು ಅದು ಸಾಮಾನ್ಯವಾಗಿ ಕೊಡುವ ಗಡುವೇ 90 ಸೆಕೆಂಡ್. ಅಷ್ಟರಲ್ಲಿ ನಾವು ತಾಳ್ಮೆ ಕೆಟ್ಟು ವೈರ್ ಕಿತ್ತಿರುತ್ತೇವೆ.

ಇದನ್ನು ತಿಳಿಯಲು ಪೈನ ಹಸಿರು ದೀಪ ಸಾಕು. ಶಟ್‌ಡೌನ್ ಸರಿಯಾಗಿ ಮುಗಿದಾಗ ಅದು 10 ಸಲ ಮಿನುಗಿ ಆರುತ್ತದೆ. ಬೂಟ್ ಆಗುವಾಗಲೂ ಈ ದೀಪ ಮಾತಾಡುತ್ತದೆ. 4 ಸಲ ಮಿನುಗಿ ನಿಂತು ಮತ್ತೆ ಅದನ್ನೇ ಮಾಡುತ್ತಿದ್ದರೆ ಬೂಟ್ ಫರ್ಮ್‌ವೇರ್ ಫೈಲ್ ಸಿಕ್ಕಿಲ್ಲ. 7 ಸಲವಾದರೆ ಕರ್ನಲ್ ಸಿಕ್ಕಿಲ್ಲ. 8 ಸಲವಾದರೆ ಮೆಮೊರಿ ಚಿಪ್ ಕೈ ಕೊಟ್ಟಿದೆ. ನನ್ನ ಪೈ ಕೇಸ್‌ನ ಒಳಗಿತ್ತು, ದೀಪ ಕಾಣುತ್ತಿರಲಿಲ್ಲ. ಕೇಸ್ ಬಿಚ್ಚಿ ಮೇಜಿನ ಮೇಲಿಟ್ಟು ಶಟ್‌ಡೌನ್ ಕೊಟ್ಟೆ. ಹಸಿರು ದೀಪ ಪುಸ್ತಕದಲ್ಲಿ ಹೇಳಿದ ಹಾಗೇ 10 ಸಲ ಮಿನುಗಿ ಆರಿತು. ಕೆಂಪು ದೀಪ ಹಾಗೇ ಉರಿಯುತ್ತಿತ್ತು. ಅದೂ ಸರಿಯೇ. ಪೈ 4ರಲ್ಲಿ ಶಟ್‌ಡೌನ್ ಅಂದರೆ ಪ್ರೊಸೆಸರ್ ನಿಂತಿತು ಅಂತ ಅಷ್ಟೇ. ಅಡಾಪ್ಟರ್‌ನಿಂದ ಬರುವ ಕರೆಂಟ್ ಬೋರ್ಡ್ ಮೇಲೆ ಇನ್ನೂ ಇರುತ್ತದೆ.

ಆಮೇಲೆ ಅಡಾಪ್ಟರ್ ಕಿತ್ತೆ. ಕೆಂಪು ದೀಪ ಆರಲಿಲ್ಲ.

ತೊಂದರೆ ಎಲ್ಲಿದೆ ಅನ್ನುವುದು ಅಲ್ಲೇ ಗೊತ್ತಾಯಿತು. ಉಳಿದಿದ್ದು ಅದನ್ನು ಸಾಬೀತು ಮಾಡುವ ಕೆಲಸ.

ಪೈ 4ರಲ್ಲಿ ಶಟ್‌ಡೌನ್ ಆದ ಮೇಲೆ ಬೂಟ್‌ಲೋಡರ್ ಪೂರ್ತಿ ಸುಮ್ಮನಾಗುವುದಿಲ್ಲ. ಅದರ ಸೆಟ್ಟಿಂಗ್‌ನಲ್ಲಿ 'ವೇಕ್ ಆನ್ ಜಿಪಿಐಒ' ಅಂತ ಒಂದು ಸಾಲು ಇದೆ (ಜಿಪಿಐಒ ಅಂದರೆ ನಾವು ವೈರ್ ಜೋಡಿಸಬಹುದಾದ ಬೋರ್ಡ್‌ನ ಪಿನ್‌ಗಳು), ಆ ಸಾಲಿನ ಬೆಲೆ ಸಾಮಾನ್ಯವಾಗಿ 1 ಇರುತ್ತದೆ. ಹಾಗಂದರೆ, ಜಿಪಿಐಒ 3 ಗ್ರೌಂಡ್‌ಗೆ ತಾಗುವವರೆಗೂ ಕಾಯುತ್ತಿರು ಅಂತ. ಈ ಸ್ಥಿತಿಯಿಂದ ಅದನ್ನು ಎಬ್ಬಿಸಲು ಇರುವ ದಾರಿಗಳು ಕೆಲವೇ. ಆ ಪಿನ್ ಗ್ರೌಂಡ್‌ಗೆ ತಾಗಬೇಕು, ಇಲ್ಲವೇ ಬೋರ್ಡ್‌ನ ರೀಸೆಟ್ ಪಿನ್‌ಗಳನ್ನು ಬಳಸಬೇಕು, ಇಲ್ಲವೇ 5 ವೋಲ್ಟ್ ಪೂರ್ತಿ ಹೋಗಿ ಮತ್ತೆ ಬರಬೇಕು. ಅಡಾಪ್ಟರ್ ಕಿತ್ತು ಹಾಕುವಾಗ ನಾವು ಮಾಡುವುದು ಕೊನೆಯದನ್ನು. ಆದರೆ ಬೇರೆ ಎಲ್ಲಿಂದಲೋ ಕರೆಂಟ್ ಬರುತ್ತಲೇ ಇದ್ದರೆ? ಪೈಗೆ ಅಡಾಪ್ಟರ್ ಹೋಗಿದ್ದೂ ಗೊತ್ತಾಗುವುದಿಲ್ಲ, ಬಂದಿದ್ದೂ ಗೊತ್ತಾಗುವುದಿಲ್ಲ. ಅದು ಕಾಯುತ್ತಲೇ ಇರುತ್ತದೆ. ಹೆಬ್ಬಾಗಿಲಿಗೆ ಚಿಲಕ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ರೀಬೂಟ್‌ಗೆ ಇದ್ಯಾವುದೂ ಅಡ್ಡಿ ಬರುವುದಿಲ್ಲ, ಯಾಕೆಂದರೆ ಅಲ್ಲಿ ಪೈ ತಾನೇ ತನ್ನನ್ನು ರೀಸೆಟ್ ಮಾಡಿಕೊಳ್ಳುತ್ತದೆ.

ಕರೆಂಟ್ ಬರುತ್ತಿದ್ದುದು ಹಬ್‌ನಿಂದ. ಯುಎಸ್‌ಬಿ ನಿಯಮದ ಪ್ರಕಾರ, ಸ್ವಂತ ಅಡಾಪ್ಟರ್ ಇರುವ ಹಬ್ ಕಂಪ್ಯೂಟರ್ ಕಡೆಯ ಕೇಬಲ್‌ಗೆ 5 ವೋಲ್ಟ್ ಕೊಡಬಾರದು. ಆದರೆ ಅದನ್ನು ತಡೆಯುವ ಒಂದೆರಡು ಬಿಡಿಭಾಗ ಹಾಕದೆ ದುಡ್ಡು ಉಳಿಸಿದ ಹಬ್‌ಗಳು ಬೇಕಾದಷ್ಟಿವೆ. ಹಬ್‌ನ ಅಡಾಪ್ಟರ್ ಕರೆಂಟ್ ಕೇಬಲ್‌ನಲ್ಲಿ ಹಿಂದಕ್ಕೆ ಹರಿದು, ಯುಎಸ್‌ಬಿ ಪೋರ್ಟ್ ಮೂಲಕ ಪೈ ಒಳಗೆ ಬರುತ್ತದೆ.

ಸಾಬೀತು ಮಾಡಲು ಮಲ್ಟಿಮೀಟರ್ ತೆಗೆದೆ. ಪೈನ 40 ಪಿನ್‌ಗಳ ಸಾಲಿನಲ್ಲಿ 2 ಮತ್ತು 4ನೇ ಪಿನ್ 5 ವೋಲ್ಟ್, 6ನೇದು ಗ್ರೌಂಡ್. ಅಡಾಪ್ಟರ್ ಕಿತ್ತಿಟ್ಟು 4 ಮತ್ತು 6ರ ನಡುವೆ ಅಳೆದೆ. ಸೊನ್ನೆ ಇರಬೇಕಾದ ಕಡೆ ನಾಲ್ಕೂವರೆ ವೋಲ್ಟ್‌ಗಿಂತ ಜಾಸ್ತಿ ತೋರಿಸಿತು. ಹಬ್‌ನ ಕೇಬಲ್ ಕಿತ್ತ ತಕ್ಷಣ ಸೊನ್ನೆಗೆ ಇಳಿಯಿತು, ಕೆಂಪು ದೀಪವೂ ಆರಿತು. ಅಳೆಯುವಾಗ ಮೀಟರ್‌ನ ಮೊನೆ ಜಾರದಂತೆ ನೋಡಿಕೊಳ್ಳಿ. 1ನೇ ಪಿನ್‌ನಲ್ಲಿ 3.3 ವೋಲ್ಟ್ ಇದೆ, ಅದರ ಎದುರಿಗೇ 2ನೇದು. ಆ ಎರಡೂ ಒಂದಕ್ಕೊಂದು ತಾಗಿದರೆ ಬೋರ್ಡ್ ಸುಟ್ಟುಹೋಗಬಹುದು.

ಇನ್ನೊಂದು ಪರೀಕ್ಷೆ ನನಗೆ ಹೆಚ್ಚು ಇಷ್ಟವಾಯಿತು. 5ನೇ ಪಿನ್ ಮೇಲೆ ಕೂತಿದ್ದ ಗಡಿಯಾರದ ಮಾಡ್ಯೂಲ್ ತೆಗೆದಿಟ್ಟು, ಹಬ್ ಮತ್ತೆ ಸಿಕ್ಕಿಸಿ, ಅಡಾಪ್ಟರ್ ಹಾಕಿ, ಏಳದ ಸ್ಥಿತಿಗೆ ತಂದೆ. ಆಮೇಲೆ ಎರಡು ತುದಿಯಲ್ಲೂ ತೂತಿರುವ ಒಂದು ಜಂಪರ್ ವೈರ್‌ನಿಂದ 5ನೇ ಪಿನ್ನನ್ನು 6ನೇದಕ್ಕೆ ಒಂದು ಕ್ಷಣ ಸೇರಿಸಿದೆ. 5ನೇ ಪಿನ್ ಅಂದರೆ ಜಿಪಿಐಒ 3. ಹಸಿರು ದೀಪ ಓಡತೊಡಗಿತು, ಸ್ವಲ್ಪ ಹೊತ್ತಿಗೆ ಎಸ್‌ಎಸ್‌ಎಚ್ ಸಿಕ್ಕಿತು. ಕಾರ್ಡ್ ಸರಿ, ಬೋರ್ಡ್ ಸರಿ, ಸಾಫ್ಟ್‌ವೇರ್ ಸರಿ. ಪೈ ಬರೀ ಕಾಯುತ್ತಿತ್ತು. ನಿಮ್ಮ ಪೈ 4 ಏಳದೇ ಇದ್ದರೆ, ಇಮೇಜ್ ಬರೆಯುವ ಮೊದಲು ಇದೊಂದನ್ನು ಮಾಡಿ ನೋಡಿ. ಚಿಮಟ ಬಳಸಬೇಡಿ, ವೈರ್ ಬಳಸಿ. ಪಕ್ಕದ 4ನೇ ಪಿನ್‌ನ 5 ವೋಲ್ಟ್ ತಪ್ಪಿ ಜಿಪಿಐಒಗೆ ತಾಗಿದರೆ ಪ್ರೊಸೆಸರ್‌ಗೇ ಪೆಟ್ಟು.

ಹಬ್ ಒಂದೇ ಅಲ್ಲ, ಕರೆಂಟ್ ನುಸುಳುವ ದಾರಿ ಇನ್ನೂ ಇವೆ. ಕೆಲವು ಮಾನಿಟರ್‌ಗಳು ಎಚ್‌ಡಿಎಂಐ ಕೇಬಲ್‌ನಲ್ಲಿ ಸ್ವಲ್ಪ ಕರೆಂಟ್ ಹಿಂದಕ್ಕೆ ಬಿಡುತ್ತವೆ, ಕೆಂಪು ದೀಪ ಮಂಕಾಗಿ ಉರಿಯುವುದು ಕಾಣುತ್ತದೆ. ದೋಷ ಹುಡುಕಲು ಹಾಕುವ ಸೀರಿಯಲ್ ಕೇಬಲ್ ಕೂಡ ಇದೇ ಕೆಲಸ ಮಾಡುತ್ತದೆ. ಅದರ ಕಳಿಸುವ ತಂತಿಯಲ್ಲಿ ಸದಾ 3.3 ವೋಲ್ಟ್ ಇರುವುದರಿಂದ, ಆಫ್ ಆದ ಪೈನ ಪಿನ್ ಮೂಲಕ ಒಳಗೆ ಸೋರುತ್ತದೆ. ಕಾಯಿಲೆ ನೋಡಲು ಬಂದವರೇ ಕಾಯಿಲೆ ತರುವುದು ಅಂದರೆ ಇದೇ. ಹಾಗಾಗಿ ನಿಜವಾದ ಪವರ್ ಆಫ್ ಬೇಕಿದ್ದರೆ ಎಲ್ಲ ಕೇಬಲ್ ಕಿತ್ತು, ಕೆಲವು ಸೆಕೆಂಡ್ ಬಿಟ್ಟು, ಅಡಾಪ್ಟರ್ ಒಂದನ್ನೇ ಹಾಕಿ ನೋಡಬೇಕು. ಅದಕ್ಕೂ ಏಳದಿದ್ದರೆ ಆಗ ಕಾರ್ಡ್ ಮೇಲೆ ಅನುಮಾನ ಪಡಿ.

ಅಡಾಪ್ಟರ್ ಮೇಲೂ ಒಂದು ಕಣ್ಣಿರಲಿ. ಪೈ 4ಕ್ಕೆ ಬೇಕಿರುವುದು 5.1 ವೋಲ್ಟ್, 3 ಆಂಪಿಯರ್. ಫೋನ್ ಚಾರ್ಜರ್ ಮತ್ತು ಉದ್ದದ ತೆಳು ಕೇಬಲ್ ಸೇರಿದರೆ ಬೂಟ್ ಆಗುವ ಹೊತ್ತಿನ ಎಳೆತಕ್ಕೆ ವೋಲ್ಟೇಜ್ ಕುಸಿಯುತ್ತದೆ. 4.63 ವೋಲ್ಟ್‌ಗಿಂತ ಕೆಳಗೆ ಹೋದರೆ ಪೈ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಪೈನ ಸ್ಥಿತಿ ಹೇಳುವ ವಿಸಿಜೆನ್‌ಕಮಾಂಡ್ ಅನ್ನುವ ಕಮಾಂಡ್‌ಗೆ 'ಗೆಟ್ ಥ್ರಾಟಲ್ಡ್' ಕೊಟ್ಟು ಕೇಳಬಹುದು. ಬರೀ ಸೊನ್ನೆ ಬಂದರೆ ಚಿಂತೆಯಿಲ್ಲ. 50000 ಬಂದರೆ ಬೂಟ್ ಆದಾಗಿನಿಂದ ಯಾವಾಗಲೋ ಕುಸಿದಿದೆ, 50005 ಬಂದರೆ ಈಗಲೂ ಕುಸಿದೇ ಇದೆ. ನನಗೆ ಸೊನ್ನೆ ಬಂತು, ಆ ದಾರಿ ಅಲ್ಲಿಗೆ ಮುಗಿಯಿತು.

ಇನ್ನು ರಿಪೇರಿ. ಸುಲಭದ ಉಪಾಯ ಅಂದರೆ ಹಬ್ ಮತ್ತು ಪೈ ಎರಡರ ಅಡಾಪ್ಟರನ್ನೂ ಸ್ವಿಚ್ ಇರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕುವುದು. ಸ್ವಿಚ್ ಆಫ್ ಮಾಡಿದರೆ ಎರಡೂ ಸಾಯುತ್ತವೆ. ಕೆಲಸವೇನೋ ನಡೆಯುತ್ತದೆ, ಆದರೆ ಕರೆಂಟ್ ತಪ್ಪು ದಿಕ್ಕಿನಲ್ಲಿ ಹರಿಯುವುದು ನಿಲ್ಲುವುದಿಲ್ಲ, ಅದು ನನಗೆ ಹಿಡಿಸಲಿಲ್ಲ. ಇನ್ನೊಂದು ಉಪಾಯ, ಹಬ್‌ನಿಂದ ಪೈಗೆ ಬರುವ ಪ್ಲಗ್‌ನ 5 ವೋಲ್ಟ್ ಪಟ್ಟಿಯ ಮೇಲೆ ಶಾಖ ತಡೆಯುವ ತೆಳು ಟೇಪ್ ಅಂಟಿಸುವುದು. ಅಗಲವಾದ ಹಳೇ ಮಾದರಿಯ ಪ್ಲಗ್‌ನಲ್ಲಿ ನಾಲ್ಕು ಮುಖ್ಯ ಪಟ್ಟಿಗಳಿವೆ. ಎರಡು ಅಂಚಿನವುಗಳಲ್ಲಿ ಒಂದು 5 ವೋಲ್ಟ್, ಇನ್ನೊಂದು ಗ್ರೌಂಡ್. ಯಾವುದು ಯಾವುದು ಅಂತ ಮೀಟರ್‌ನಲ್ಲಿ ನೋಡಿಯೇ ಅಂಟಿಸಬೇಕು. ಇದರಲ್ಲೊಂದು ತೊಡಕಿದೆ. ಕೆಲವು ಹಬ್‌ಗಳು ಆ 5 ವೋಲ್ಟ್ ನೋಡಿಯೇ ಕಂಪ್ಯೂಟರ್ ಸಿಕ್ಕಿದೆ ಅಂತ ತಿಳಿಯುತ್ತವೆ. ಟೇಪ್ ಹಾಕಿದರೆ ಅವು ಎಚ್ಚರವಾಗುವುದೇ ಇಲ್ಲ. ನನ್ನ ಹಬ್ ಆ ಜಾತಿಯದಲ್ಲ, ಟೇಪ್ ಹಾಕಿದ ಮೇಲೂ ಡಿಸ್ಕ್‌ಗಳು ಕಂಡವು. ಆದರೂ ಟೇಪ್ ಇವತ್ತಲ್ಲ ನಾಳೆ ಜರುಗುತ್ತದೆ ಅಂತ ಕೊನೆಗೆ ಬೇರೆ ಹಬ್ಬೇ ತಂದೆ. ತಂದ ಮೇಲೆ ಮೊದಲು ಮಾಡಿದ್ದು, ಪೈಗೆ ಸಿಕ್ಕಿಸುವ ಮುಂಚೆ ಹಬ್‌ಗೆ ಅಡಾಪ್ಟರ್ ಹಾಕಿ ಅದರ ಕೇಬಲ್ ತುದಿಯಲ್ಲಿ ವೋಲ್ಟೇಜ್ ಅಳೆದದ್ದು. ಏನೂ ಇರಲಿಲ್ಲ.

ಹೇಗೂ ಕೇಸ್ ಬಿಚ್ಚಿದ್ದೆ, ಅಡಾಪ್ಟರ್ ಕಿತ್ತು ಹಾಕುವ ಕಾಟವೇ ಬೇಡ ಅಂತ ಒಂದು ಬಟನ್ ಕೂಡ ಸೇರಿಸಿದೆ. ಕಾನ್ಫಿಗ್ ಫೈಲ್‌ನಲ್ಲಿ 'ಜಿಪಿಐಒ ಶಟ್‌ಡೌನ್' ಓವರ್‌ಲೇ (ಪಿನ್‌ಗೆ ಯಾವ ಕೆಲಸ ಅಂತ ಹೇಳುವ ಸೆಟ್ಟಿಂಗ್) ಹಾಕಿದರೆ ಜಿಪಿಐಒ 3ಕ್ಕೆ ಜೋಡಿಸಿದ ಒಂದೇ ಬಟನ್ ಪೈಯನ್ನು ಮಲಗಿಸುತ್ತದೆ, ಅದೇ ಎಬ್ಬಿಸುತ್ತದೆ. ಆದರೆ ನನ್ನ ಪೈನಲ್ಲಿ ಗಡಿಯಾರದ ಡಿಎಸ್3231 ಮಾಡ್ಯೂಲ್ ಇದೆ. ಅದು ಐ2ಸಿ ಅನ್ನುವ ಎರಡು ತಂತಿಯ ಸಂಪರ್ಕದಲ್ಲಿ ಮಾತಾಡುತ್ತದೆ, ಐ2ಸಿಯ ಕ್ಲಾಕ್ ತಂತಿಯೂ ಇದೇ ಜಿಪಿಐಒ 3. ಸಾಲದ್ದಕ್ಕೆ ಆ ಪುಟ್ಟ ಮಾಡ್ಯೂಲ್ 1ರಿಂದ 9ರವರೆಗಿನ ಬೆಸ ಪಿನ್‌ಗಳ ಮೇಲೆ ಕೂತು 5ನೇದನ್ನು ಮುಚ್ಚಿಬಿಡುತ್ತದೆ. ಗಡಿಯಾರವನ್ನು ಬೇರೆ ಪಿನ್‌ಗೆ ಸರಿಸದೆ ದಾರಿಯಿರಲಿಲ್ಲ. ಸಾಫ್ಟ್‌ವೇರ್‌ನಿಂದಲೇ ಐ2ಸಿ ನಡೆಸುವ 'ಐ2ಸಿ ಜಿಪಿಐಒ' ಓವರ್‌ಲೇ ಇದೆ. ಏನೂ ಹೇಳದಿದ್ದರೆ ಅದು ಜಿಪಿಐಒ 23 ಮತ್ತು 24 ಬಳಸುತ್ತದೆ. ಮಾಡ್ಯೂಲನ್ನು ವೈರ್‌ಗಳಿಂದ ಅಲ್ಲಿಗೆ ಎಳೆದು, ಮಾಮೂಲಿ ಐ2ಸಿ ಆಫ್ ಮಾಡಿದೆ. ಗಡಿಯಾರಕ್ಕೆ ಈ ನಿಧಾನದ ದಾರಿ ಧಾರಾಳ ಸಾಕು. ಜಿಪಿಐಒ 3 ಬಟನ್‌ಗೆ ಖಾಲಿಯಾಯಿತು. ಆ ಪಿನ್‌ಗೆ ಬೋರ್ಡ್‌ನಲ್ಲೇ 1.8 ಕಿಲೋಓಮ್‌ನ ಪುಲ್‌ಅಪ್ (ಬಟನ್ ಒತ್ತದಿದ್ದಾಗ ಪಿನ್ನನ್ನು 3.3 ವೋಲ್ಟ್‌ನಲ್ಲಿ ಹಿಡಿದಿಡುವ ರೆಸಿಸ್ಟರ್) ಇರುವುದರಿಂದ ಬೇರೆ ರೆಸಿಸ್ಟರ್ ಬೇಕಿಲ್ಲ.

ಬೂಟ್‌ಲೋಡರ್‌ನಲ್ಲಿ ಇನ್ನೊಂದು ಸೆಟ್ಟಿಂಗ್ ಇದೆ, 'ಪವರ್ ಆಫ್ ಆನ್ ಹಾಲ್ಟ್'. ಪೈ 4ರಲ್ಲಿ ಅದನ್ನು 1 ಮಾಡಿ, ವೇಕ್ ಆನ್ ಜಿಪಿಐಒ ಸೊನ್ನೆ ಮಾಡಿದರೆ ಶಟ್‌ಡೌನ್ ಆದಾಗ ಬೋರ್ಡ್‌ನ ಪವರ್ ಚಿಪ್ಪೇ ಆಫ್ ಆಗುತ್ತದೆ. ಕರೆಂಟ್ ಉಳಿತಾಯಕ್ಕೆ ಒಳ್ಳೆಯದು. ಆದರೆ ಆಮೇಲೆ ಜಿಪಿಐಒ 3ರ ಬಟನ್ ಎಷ್ಟು ಒತ್ತಿದರೂ ಪೈ ಏಳುವುದಿಲ್ಲ. ಅಡಾಪ್ಟರ್ ಕಿತ್ತು ಹಾಕಬೇಕು, ಇಲ್ಲವೇ ಬೋರ್ಡ್ ಮೇಲಿನ ಗ್ಲೋಬಲ್ ಎನೇಬಲ್ ಪಿನ್ನನ್ನು ಗ್ರೌಂಡ್‌ಗೆ ತಾಗಿಸಬೇಕು. ಯಾರದೋ ಸಲಹೆ ಓದಿ ಈ ಎರಡು ಸಾಲು ಬದಲಾಯಿಸಿದವರು ನಿಮ್ಮಲ್ಲಿದ್ದರೆ, "ಬಟನ್ ಕೆಲಸ ಮಾಡುತ್ತಿಲ್ಲ" ಅಂತ ವೈರ್ ಹುಡುಕುವ ಮೊದಲು ಒಮ್ಮೆ ಅಲ್ಲಿ ಇಣುಕಿ ನೋಡಿ. ನಾನು ಅವೆರಡನ್ನೂ ಮೊದಲಿದ್ದ ಹಾಗೇ ಬಿಟ್ಟಿದ್ದೇನೆ.